ಸಹಾಯ ಬೇಕು: ಹ್ಯೂಗೋ ಆಲ್ವೇನ್ ಸಂಗೀತದಲ್ಲಿ ಜಾನಪದ ಯಾವುದು, ಅವರದ್ದೇ ರಾಗ ಯಾವುದು?

ಎಲ್ಲರಿಗೂ ನಮಸ್ಕಾರ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಗೊತ್ತಿರುವವರು ದಯವಿಟ್ಟು ನೋಡಿ.

ಸ್ವೀಡನ್ನಿನ ಸಂಗೀತ ಸಂಯೋಜಕ ಹ್ಯೂಗೋ ಆಲ್ವೇನ್ (1872–1960) ಅವರ 'ಮಿಡ್‌ಸೊಮಾರ್‌ವಾಕ' ನನಗೆ ತುಂಬಾ ಇಷ್ಟ. 1903ರಲ್ಲಿ ಬರೆದದ್ದು, ಅವರ ಮೂರು ಸ್ವೀಡಿಷ್ ರ‍್ಯಾಪ್ಸೊಡಿಗಳಲ್ಲಿ (ಬಿಗಿಯಾದ ಚೌಕಟ್ಟಿಲ್ಲದ ವಾದ್ಯವೃಂದ ಕೃತಿಗಳು) ಮೊದಲನೆಯದು. ಶುರುವಿನಲ್ಲೇ ತಂತಿ ವಾದ್ಯಗಳನ್ನು ಬೆರಳಿನಿಂದ ಮೀಟುತ್ತಾರೆ, ಅದರ ಮೇಲೆ ಕ್ಲಾರಿನೆಟ್ ಕುಣಿಯುತ್ತಾ ಬರುತ್ತದೆ. ಎಷ್ಟು ಚೆಂದ ಅಲ್ವಾ! ಮಧ್ಯದಲ್ಲಿ ಎಲ್ಲ ನಿಧಾನವಾಗಿ, ಕೋರ್ ಆಂಗ್ಲೆ (ಓಬೋ ಜಾತಿಯ, ತಗ್ಗಿದ ದನಿಯ ಊದುವ ವಾದ್ಯ) ಒಂದೇ ಹಾಡುತ್ತದೆ. ಆ ಭಾಗ ಬಂದರೆ ನಾನು ಬೇರೆ ಕೆಲಸ ಬಿಟ್ಟು ಕೂರುತ್ತೇನೆ.

ಸ್ನೇಹಿತರಿಗೆ ಈ ಕೃತಿಯನ್ನು ಕೇಳಿಸಿ ವಿವರಿಸಬೇಕು. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಬೇರೆ ಬೇರೆ ವಾದ್ಯವೃಂದಗಳ ಧ್ವನಿಮುದ್ರಣ ಕೇಳಿದೆ, ಸಿಡಿ ಜೊತೆ ಬರುವ ಪುಸ್ತಿಕೆ ಓದಿದೆ. ಎಲ್ಲ ಕಡೆ 'ಜಾನಪದ ಧಾಟಿಗಳನ್ನು ಬಳಸಿದ್ದಾರೆ' ಅಂತ ಒಂದು ಸಾಲು, ಅಷ್ಟೇ. ಸ್ವೀಡನ್ನಿನ ಹಳ್ಳಿ ಪಿಟೀಲುಗಾರರು ನುಡಿಸುವ ಪೋಲ್ಸ್ಕಾ ಕುಣಿತಗಳನ್ನೂ ಕೇಳಿ ಹೋಲಿಸಿ ನೋಡಿದೆ. ಲಯ ಹತ್ತಿರ ಅನಿಸುತ್ತದೆ, ಆದರೆ ಇದೇ ಧಾಟಿ ಅಂತ ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ. ಸುಮ್ನೆ ಊಹೆ ಮಾಡಿ ಹೇಳಲು ಮನಸ್ಸಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಆ ಕೋರ್ ಆಂಗ್ಲೆ ಧಾಟಿ ಹಳೆಯ ಜನಪದ ಹಾಡೇ, ಇಲ್ಲ ಆಲ್ವೇನ್ ಸ್ವಂತವಾಗಿ ಬರೆದದ್ದೇ? ಜನಪದ ಆಗಿದ್ದರೆ ಆ ಹಾಡಿನ ಹೆಸರೇನು? ಸ್ವೀಡನ್ನಿನಲ್ಲಿರುವ ಕನ್ನಡಿಗರು ಅಥವಾ ಆರ್ಕೆಸ್ಟ್ರಾದಲ್ಲಿ ನುಡಿಸಿದವರು ಯಾರಾದರೂ ತಿಳಿಸಿ.