ಕಡಲತಳದ ಚಿನ್ನ, ಹಂಡೆಯೊಳಗಿನ ಸುಣ್ಣ: ನಮ್ಮ ಮನೆಯ ವಾಟ್ಸಾಪ್ ಗುಂಪಿನ ಒಂದು ಚರ್ಚೆ

ಚಿಕ್ಕಪ್ಪ (ಬೇರೆಡೆಯಿಂದ ಬಂದ ಸಂದೇಶ): ಸಾಗರದ ಅಡಿಯಲ್ಲಿರುವ ಜ್ವಾಲಾಮುಖಿಗಳು ದಿನವೂ ಕರಗಿದ ಚಿನ್ನ, ಬೆಳ್ಳಿ, ತಾಮ್ರವನ್ನು ಉಗುಳುತ್ತಿವೆ. ತೆಗೆದಷ್ಟೂ ಮತ್ತೆ ಬೆಳೆಯುವ ಈ ಗಣಿ ಎಂದಿಗೂ ಬರಿದಾಗದು. ಕೋಲಾರದ ಚಿನ್ನವೂ ಹೀಗೆಯೇ ಹುಟ್ಟಿದ್ದು. ಹಿಂದೂ ಮಹಾಸಾಗರದಲ್ಲಿ ಭಾರತಕ್ಕೆ ಇಂಥ ಗಣಿ ದೊರೆತಿದೆ. ಎಲ್ಲರಿಗೂ ತಿಳಿಸಿ.

ಚಿಕ್ಕಪ್ಪ: ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಮಕ್ಕಳೆಲ್ಲರೂ ಓದಲಿ ಎಂದು ಇಲ್ಲಿ ಹಾಕಿದ್ದೇನೆ.

ನಾನು: ಚಿಕ್ಕಪ್ಪ, ವಿಷಯ ನಿಜಕ್ಕೂ ಸಂತೋಷಪಡುವಂಥದ್ದೇ. ಆದರೆ ಈ ಸಂದೇಶದ ಮೊದಲ ವಾಕ್ಯವೇ ತಪ್ಪು. ನಾನು ಭೂವಿಜ್ಞಾನ ಓದಿದವಳಾದ್ದರಿಂದ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಚಿನ್ನ ಕರಗಬೇಕಾದರೆ 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ತಾಮ್ರಕ್ಕೆ 1085 ಡಿಗ್ರಿ. 1979ರಲ್ಲಿ ಮೆಕ್ಸಿಕೋದ ಪಶ್ಚಿಮಕ್ಕೆ, ಪೂರ್ವ ಪೆಸಿಫಿಕ್ ಏಣು ಎಂಬ ಕಡಲತಳದ ಬೆಟ್ಟಸಾಲಿನ ಮೇಲೆ, ಆಲ್ವಿನ್ ಎಂಬ ಪುಟ್ಟ ಮುಳುಗುನೌಕೆಯಲ್ಲಿ ಇಳಿದ ವಿಜ್ಞಾನಿಗಳು ಕಪ್ಪು ಹೊಗೆಯಂತೆ ಏನನ್ನೋ ಉಗುಳುವ ಕೊಳವೆಗಳನ್ನು ಮೊದಲ ಬಾರಿಗೆ ಕಂಡರು. ಶಾಖ ಅಳೆಯಲು ಚಾಚಿದ ಕಡ್ಡಿಯ ಪ್ಲಾಸ್ಟಿಕ್ ಭಾಗ ಕರಗಿಹೋಯಿತು. ಸರಿಯಾದ ಸಾಧನದಿಂದ ಮತ್ತೆ ಅಳೆದಾಗ ಸಿಕ್ಕದ್ದು ಸುಮಾರು 350 ಡಿಗ್ರಿ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು, ಚಿನ್ನ ಕರಗಲು ಸಾಲದು. ಅಲ್ಲಿಂದ ಹೊರಬರುವುದು ಕರಗಿದ ಲೋಹವಲ್ಲ, ನೀರು. ಎರಡೂವರೆ ಕಿಲೋಮೀಟರ್ ಆಳದ ಒತ್ತಡ ಅದನ್ನು ಕುದಿಯಲು ಬಿಡುವುದಿಲ್ಲ, ಅಷ್ಟೇ.

ಚಿಕ್ಕಪ್ಪ: ನೀರೇ ಆಗಲಿ ಮಗಳೇ, ಅದರೊಳಗೆ ಲೋಹ ಇದೆಯಲ್ಲವೇ? ಜ್ವಾಲಾಮುಖಿ ಕೊಟ್ಟಿತು ಎಂದರೆ ಅದರಲ್ಲಿ ತಪ್ಪೇನಿದೆ?

ನಾನು: ಜ್ವಾಲಾಮುಖಿ ಮುಖ್ಯವಾಗಿ ಒದಗಿಸುವುದು ಒಲೆಯನ್ನು. ಅಡುಗೆ ಮಾಡುವುದು ಸಮುದ್ರದ ನೀರೇ. ಕಡಲತಳದ ಬಿರುಕುಗಳಲ್ಲಿ ಇಳಿಯುವ 2 ಡಿಗ್ರಿಯ ತಣ್ಣೀರು, ಕೆಳಗಿನ ಶಿಲಾಪಾಕದ, ಅಂದರೆ ಕರಗಿದ ಕಲ್ಲಿನ, ಶಾಖಕ್ಕೆ ಹತ್ತಿರವಾದಂತೆ ತನ್ನಲ್ಲಿದ್ದ ಮೆಗ್ನೀಸಿಯಂ ಅನ್ನು ಬಸಾಲ್ಟ್ ಶಿಲೆಗೆ ಬಿಟ್ಟುಕೊಟ್ಟು ಆಮ್ಲೀಯವಾಗುತ್ತದೆ. 400 ಡಿಗ್ರಿಯ ಆಸುಪಾಸಿಗೆ ಬರುವ ಹೊತ್ತಿಗೆ ಆ ಆಮ್ಲೀಯ ಉಪ್ಪುನೀರು ಶಿಲೆಯಿಂದ ಕಬ್ಬಿಣ, ತಾಮ್ರ, ಸತು ಮತ್ತು ಗಂಧಕವನ್ನು ಬಸಿದುಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹಗಳನ್ನು ಹಿಡಿದುಕೊಂಡೇ ಮೇಲಕ್ಕೆ ಬರುತ್ತದೆ. ಬಾಯಿಯ ಬಳಿ ತಣ್ಣನೆಯ ಕಡಲನೀರು ತಾಗಿದ ಕ್ಷಣ ಆ ಹಿಡಿತ ಸಡಿಲವಾಗಿ, ಲೋಹವು ಗಂಧಕದೊಡನೆ ಕೂಡಿ ಸಲ್ಫೈಡ್ ಆಗಿ, ಸೂಕ್ಷ್ಮ ಕಣಗಳಾಗಿ ಬೀಳುತ್ತದೆ. ನಾವು ಹೊಗೆ ಎನ್ನುವುದು ಈ ಕಣಗಳನ್ನೇ. ಶಿಲಾಪಾಕದಿಂದಲೂ ಸ್ವಲ್ಪ ಅನಿಲ ಮತ್ತು ಲೋಹ ಸೇರುವ ತಾಣಗಳು ಇವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಡುಸಾಗರದ ಏಣುಗಳಲ್ಲಿ ದೊಡ್ಡ ಪಾಲು ಬರುವುದು ಶಿಲೆಯಿಂದಲೇ.

ತಮ್ಮ: ಅಕ್ಕ, ಕಣಗಳು ನೀರಿನಲ್ಲಿ ಚದುರಿ ಹೋದರೆ ಕೊಳವೆ ಕಟ್ಟಿಕೊಳ್ಳುವುದು ಹೇಗೆ?

ನಾನು: ನನಗೆ ಅತ್ಯಂತ ಇಷ್ಟವಾದ ಪ್ರಶ್ನೆಯನ್ನೇ ಕೇಳಿದೆ. ಊರಿನ ಮನೆಯ ಬಚ್ಚಲ ಹಂಡೆಯನ್ನು ನೆನಪಿಸಿಕೋ. ಬೋರ್‌ವೆಲ್ ನೀರನ್ನು ಕಾಯಿಸಿ ಕಾಯಿಸಿ ಅದರೊಳಗೆ ಬಿಳಿಯ ಗಟ್ಟಿ ಪದರ ಕೂತಿತ್ತು, ಅಜ್ಜಿ ಅದನ್ನು ಕೆರೆದು ತೆಗೆಯುತ್ತಿದ್ದರು. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಆದರೆ ಸುಣ್ಣದ ಕೆಲವು ಲವಣಗಳು ಬಿಸಿಯಾದಷ್ಟೂ ಕಡಿಮೆ ಕರಗುತ್ತವೆ. ಕಡಲನೀರಿನಲ್ಲಿರುವ ಕ್ಯಾಲ್ಸಿಯಂ ಸಲ್ಫೇಟ್ ಕೂಡ ಅಂಥದ್ದೇ. ಸುಮಾರು 150 ಡಿಗ್ರಿ ದಾಟಿದೊಡನೆ ಅದು ಆನ್‌ಹೈಡ್ರೈಟ್ ಎಂಬ ಬಿಳಿ ಖನಿಜವಾಗಿ ಗಟ್ಟಿಯಾಗುತ್ತದೆ. ಚಿಮ್ಮುವ ಬಿಸಿನೀರಿನ ಸುತ್ತ ಮೊದಲು ಏಳುವುದು ಈ ಬಿಳಿಯ ಗೋಡೆ. ಅದು ತಣ್ಣೀರನ್ನು ತಡೆದ ಮೇಲೆ ಒಳಮೈಯಲ್ಲಿ ತಾಮ್ರದ ಕಾಲ್ಕೊಪೈರೈಟ್ ಹಳದಿಯಾಗಿ ಮೆತ್ತಿಕೊಳ್ಳುತ್ತದೆ, ಹೊರಗಿನ ತಂಪು ಪದರಗಳಲ್ಲಿ ಸತುವಿನ ಸ್ಫಾಲರೈಟ್ ಮತ್ತು ಕಬ್ಬಿಣದ ಪೈರೈಟ್ ಕೂಡುತ್ತವೆ. ಒಂದು ಕೊಳವೆಯನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗಿನಿಂದ ಹೊರಕ್ಕೆ ಉಷ್ಣತೆ ಹೇಗೆ ಇಳಿಯಿತು ಎಂಬುದನ್ನು ಖನಿಜಗಳ ಬಣ್ಣದಲ್ಲೇ ಓದಬಹುದು. ಬಿಸಿನೀರು ನಿಂತು ಕೊಳವೆ ತಣ್ಣಗಾದಾಗ ಆ ಆನ್‌ಹೈಡ್ರೈಟ್ ಮತ್ತೆ ನೀರಿನಲ್ಲಿ ಕರಗಿ, ಗೋಡೆ ಕುಸಿದು, ಸಲ್ಫೈಡ್ ಚೂರುಗಳು ದಿಬ್ಬವಾಗಿ ರಾಶಿ ಬೀಳುತ್ತವೆ. ನಿಜವಾದ ಅದಿರು ಆ ದಿಬ್ಬದಲ್ಲಿರುತ್ತದೆ.

ಚಿಕ್ಕಪ್ಪ: ಹಾಗಾದರೆ ನನ್ನ ಮಾತೇ ಸರಿಯಾಯಿತು. ಇಂಥ ಕೊಳವೆ ದಿನಕ್ಕೆ 30 ಸೆಂಟಿಮೀಟರ್ ಬೆಳೆದದ್ದನ್ನು ದಾಖಲಿಸಿದ್ದಾರೆ ಎಂದು ಈಗಷ್ಟೇ ಓದಿದೆ. ತೆಗೆದರೆ ಮತ್ತೆ ಬೆಳೆಯುತ್ತದೆ ಎಂದರೆ ಬರಿದಾಗದು ಎಂದೇ ಅರ್ಥ.

ನಾನು: ಆ ವೇಗ ನಿಜ, ಚಿಕ್ಕಪ್ಪ. ಆದರೆ ಆ ವೇಗದಲ್ಲಿ ಏಳುವುದು ಹೆಚ್ಚಾಗಿ ಆ ಬಿಳಿಯ ಗೋಡೆ. ಅಟ್ಲಾಂಟಿಕ್ ನಡುಏಣಿನ ಮೇಲೆ, 26 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸುಮಾರು 3,600 ಮೀಟರ್ ಆಳದಲ್ಲಿ ಟ್ಯಾಗ್ ಎಂದು ಕರೆಯುವ ತಾಣವಿದೆ. ಅಲ್ಲಿನ ದಿಬ್ಬ ಸುಮಾರು 200 ಮೀಟರ್ ಅಗಲ, 50 ಮೀಟರ್ ಎತ್ತರ. 1994ರಲ್ಲಿ ಅದನ್ನು ಕೊರೆದು ನೋಡಿದ ಮೇಲೆ ಮಾಡಿದ ಲೆಕ್ಕದ ಪ್ರಕಾರ ಅದರಲ್ಲಿರುವ ಸಲ್ಫೈಡ್ ಸುಮಾರು 40 ಲಕ್ಷ ಟನ್, ಅದರೊಳಗಿನ ತಾಮ್ರ 30ರಿಂದ 60 ಸಾವಿರ ಟನ್. ಆ ತಾಣದಲ್ಲಿ ಬಿಸಿನೀರು ನಿಂತು ನಿಂತು ಹರಿದ ಅವಧಿ ಸುಮಾರು 50 ಸಾವಿರ ವರ್ಷ. ನೀವೇ ಭಾಗಿಸಿ ನೋಡಿ: ಸರಾಸರಿ ವರ್ಷಕ್ಕೆ ಒಂದು ಟನ್ನಿನ ಆಸುಪಾಸು ತಾಮ್ರ ಸೇರಿದಂತಾಯಿತು. ಮೇಲೆದ್ದ ಲೋಹದ ಬಹುಪಾಲು ಹೊಗೆಯೊಡನೆ ಸಾಗರದಲ್ಲಿ ಹರಡಿಹೋಗುತ್ತದೆ, ಉಳಿಯುವುದು ಇಷ್ಟೇ. ಒಂದು ಗಣಿ ಕೆಲವೇ ವರ್ಷಗಳಲ್ಲಿ ತೆಗೆದುಬಿಡುವುದನ್ನು ಆ ಬುಗ್ಗೆ ತುಂಬಿಕೊಡಲು ಮತ್ತೆ ಅಷ್ಟೇ ಸಾವಿರ ವರ್ಷ ಕಾಯಬೇಕು.

ಅತ್ತೆ: ಅಣ್ಣ, ಅವಳ ಲೆಕ್ಕ ನನಗೆ ಒಪ್ಪಿಗೆಯಾಗುತ್ತಿದೆ. ನನ್ನ ಚಿಂತೆ ಇನ್ನೊಂದು. ಹಿಂದೂ ಮಹಾಸಾಗರದ ಇಂಥ ಬುಗ್ಗೆಗಳ ಬಳಿ ಮಾತ್ರ ಬದುಕುವ, ಕಾಲಿನ ಮೇಲೆ ಕಬ್ಬಿಣದ ಸಲ್ಫೈಡ್ ಹುರುಪೆ ತೊಟ್ಟ ಬಸವನಹುಳುವನ್ನು 2019ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರೆಂದು ಓದಿದ್ದೆ. ಆಳಸಮುದ್ರದ ಗಣಿಗಾರಿಕೆಯ ಭೀತಿಯೇ ಅದಕ್ಕೆ ಕಾರಣವಂತೆ.

ನಾನು: ಹೌದು ಅತ್ತೆ, ಕಾಲ್ಕೊಪೈರೈಟ್ ಕೊಳವೆಯನ್ನು ಕಟ್ಟುವ ಅದೇ ಬಿಸಿನೀರು ಆ ಹುಳುವಿನ ಹುರುಪೆಗೆ ಬೇಕಾದ ಕಬ್ಬಿಣವನ್ನೂ ಒದಗಿಸುತ್ತದೆ. ಹರಿಯುತ್ತಿರುವ ಬುಗ್ಗೆಗೆ ಕೈ ಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಿಕ್ಕಪ್ಪ: ಹಾಗಾದರೆ ಹಿಂದೂ ಮಹಾಸಾಗರದ ಈ ಅದಿರಿಗಾಗಿ ಭಾರತ ಮಾಡಿಕೊಂಡ ಒಪ್ಪಂದ ಸುಳ್ಳೇ?

ನಾನು: ಸುಳ್ಳಲ್ಲ. ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ 2016ರಲ್ಲಿ 15 ವರ್ಷಗಳಿಗೆ, 10,000 ಚದರ ಕಿಲೋಮೀಟರ್ ಪ್ರದೇಶಕ್ಕೆ ಸಹಿಯಾಗಿದೆ. ಆದರೆ ಅದು ಅನ್ವೇಷಣೆಯ ಹಕ್ಕು, ಗಣಿ ತೋಡುವ ಪರವಾನಗಿ ಅಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನಿಗಳು ಸುಮಾರು 4,500 ಮೀಟರ್ ಆಳದಲ್ಲಿ ಸಕ್ರಿಯ ಬುಗ್ಗೆಯೊಂದರ ಚಿತ್ರ ತೆಗೆದದ್ದು ನಾನು ಹೆಮ್ಮೆಪಡುವ ಸಾಧನೆ.

ದೊಡ್ಡಪ್ಪ: ತಮ್ಮಾ, ಕೋಲಾರದ ಮಾತನ್ನು ನೀನು ಬಿಟ್ಟುಬಿಡು. ಅಲ್ಲಿ ಚಿನ್ನ ಇದ್ದದ್ದು ಬಿಳಿಕಲ್ಲಿನ ನಾಳಗಳಲ್ಲಿ. ನಾನು ಚಿತ್ರದುರ್ಗದ ಬಳಿಯ ಇಂಗಳದಾಳದ ತಾಮ್ರದ ಗಣಿಯಲ್ಲಿ ಕೆಲಸ ಮಾಡಿದವನು, ಅಲ್ಲಿನ ಕಲ್ಲೇ ಬೇರೆ. ಹಸಿರುಗಪ್ಪು ಶಿಲೆಯ ನಡುವೆ ಹಿತ್ತಾಳೆಯಂತೆ ಹೊಳೆಯುವ ಪಟ್ಟಿಗಳಿದ್ದವು.

ನಾನು: ದೊಡ್ಡಪ್ಪ, ನೀವು ಹೇಳಿದ ವ್ಯತ್ಯಾಸವೇ ಮುಖ್ಯ. ಕೋಲಾರದ ಚಿನ್ನವನ್ನು ತಂದದ್ದು ನೆಲದಾಳದಲ್ಲಿ ಶಿಲೆಗಳು ಒತ್ತಿ ಮಡಿಸಿಕೊಂಡಾಗ ಬಿರುಕುಗಳಲ್ಲಿ ಹರಿದ ದ್ರವ, ಕಡಲತಳದ ಬುಗ್ಗೆಯಲ್ಲ. ಇಂಗಳದಾಳದ ಕಥೆ ಮಾತ್ರ ಈ ಸಂದೇಶಕ್ಕೆ ಹತ್ತಿರವಾದದ್ದು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಪೇರಿಸಿದಂತೆ ಕಾಣುವ ಲಾವಾ ಶಿಲೆ, ನೀರಿನೊಳಗೆ ಹರಿದು ತಣಿದ ಲಾವಾ. ಅಂದರೆ ಆ ನೆಲ ಒಂದು ಕಾಲಕ್ಕೆ ಸಮುದ್ರದ ತಳ. ಇಂಗಳದಾಳದ ಸಲ್ಫೈಡ್ ಮೂಲತಃ ಅಂಥ ಸಮುದ್ರತಳದ ಬಿಸಿನೀರಿನ ಕೊಡುಗೆ, ಆಮೇಲೆ ಶಿಲೆಗಳು ಮಡಿಸಿಕೊಂಡಾಗ ತಾಮ್ರ ಸ್ವಲ್ಪ ಜಾಗ ಬದಲಿಸಿತು ಎಂದು ಅನೇಕ ಭೂವಿಜ್ಞಾನಿಗಳು ವಿವರಿಸುತ್ತಾರೆ. 250 ಕೋಟಿ ವರ್ಷಗಳಿಗೂ ಹಳೆಯ ಕಡಲತಳದ ಮೇಲೆ ನೀವು ಪಾಳಿ ಮಾಡಿದ್ದೀರಿ.

ಚಿಕ್ಕಪ್ಪ: ಸರಿ, ಕೋಲಾರ ಮತ್ತು ಕರಗಿದ ಚಿನ್ನದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಂದು ವಾದ ಉಳಿದಿದೆ. ತಣ್ಣಗಾದ, ಜೀವಿಗಳು ಬಿಟ್ಟುಹೋದ ದಿಬ್ಬಗಳಿಂದ ಅದಿರು ತೆಗೆಯಲು ನಿನ್ನ ಅಡ್ಡಿಯೇನು?

ನಾನು: ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ನನ್ನ ಬಳಿ ಪೂರ್ತಿ ವಿರೋಧವಿಲ್ಲ. ಕಷ್ಟವಿರುವುದು ಹುಡುಕುವುದರಲ್ಲಿ. ಜೀವಂತ ಬುಗ್ಗೆಯನ್ನು ಅದರ ಹೊಗೆಯೇ ನೂರಾರು ಮೀಟರ್ ಮೇಲೆದ್ದು ತೋರಿಸಿಕೊಡುತ್ತದೆ. ಸತ್ತ ದಿಬ್ಬಕ್ಕೆ ಹೊಗೆಯಿಲ್ಲ, ಅದರ ಮೇಲೆ ಕೆಸರು ಕೂತಿರುತ್ತದೆ, ಕಡಲನೀರಿನ ಆಮ್ಲಜನಕ ಮೇಲ್ಮೈಯ ಸಲ್ಫೈಡನ್ನು ತುಕ್ಕಾಗಿಸಿರುತ್ತದೆ. ಅಲ್ಲಿ ಯಾವ ಜೀವಿಗಳಿವೆ ಎಂಬುದನ್ನೂ ಮೊದಲು ನೋಡಲೇಬೇಕು.

ದೊಡ್ಡಪ್ಪ: ನನ್ನ ಕಪಾಟಿನಲ್ಲಿ ಇಂಗಳದಾಳದ ಒಂದು ತುಂಡು ಇನ್ನೂ ಇದೆ. ನಾಳೆ ಬೆಳಕಿನಲ್ಲಿ ಚಿತ್ರ ತೆಗೆದು ಹಾಕುತ್ತೇನೆ.

ನಾನು: ದಯವಿಟ್ಟು ಒಡೆದ ಹೊಸ ಮುಖದ ಚಿತ್ರವನ್ನೇ ತೆಗೆಯಿರಿ, ದೊಡ್ಡಪ್ಪ. ಗಾಢ ಹಳದಿಯಾಗಿ ಕಂಡರೆ ಕಾಲ್ಕೊಪೈರೈಟ್, ತಿಳಿ ಹಿತ್ತಾಳೆಯ ಬಣ್ಣವಿದ್ದು ಚಾಕುವಿನಿಂದ ಗೀರಿದರೂ ಗೆರೆ ಮೂಡದಿದ್ದರೆ ಪೈರೈಟ್.