ಓಡುವ ರೈಲಿನ ಬೋಗಿಗಳು ನಡುವೆಯೇ ಕಳಚಿಕೊಂಡರೆ ಹಿಂದೆ ಉಳಿದವರ ಗತಿ ಏನು?

ಪ್ರಶ್ನೆ: ಜಂಬಗಾರು ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸಾಗರದಿಂದ ಶಿವಮೊಗ್ಗದ ಕಾಲೇಜಿಗೆ ತಾಳಗುಪ್ಪ ಗಾಡಿಯಲ್ಲಿ ಓಡಾಡುತ್ತಾಳೆ. ಜಾಗವಿಲ್ಲದ ದಿನ ಎರಡು ಬೋಗಿಗಳ ನಡುವಿನ ಓಣಿಯಲ್ಲೇ ನಿಂತು ಹೋಗುತ್ತಾಳೆ. ಆನಂದಪುರ ದಾಟಿ ಅರಸಾಳು, ಕುಂಸಿ ಕಡೆಯ ಕಾಡಿನಲ್ಲಿ ಗಾಡಿ ವೇಗವಾಗಿ ಓಡುತ್ತಿರುವಾಗ ಬೋಗಿಗಳನ್ನು ಜೋಡಿಸುವ ಕಪ್ಲಿಂಗ್ ಕಳಚಿಕೊಂಡರೆ ಹಿಂದಿನ ಬೋಗಿಗಳು ಹಿಡಿತವಿಲ್ಲದೆ ಉರುಳಿಕೊಂಡು ಹೋಗುತ್ತವೆಯೇ? ಎಂಜಿನ್‌ನಲ್ಲಿರುವವರಿಗೆ ಈ ವಿಷಯ ತಿಳಿಯುವುದು ಹೇಗೆ? ಹಿಂದಿನಿಂದ ಬರುವ ಮತ್ತೊಂದು ಗಾಡಿ ಗುದ್ದುವ ಅಪಾಯವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಭದ್ರಾವತಿ ಓದುಗ

ಇಂತಹ ಘಟನೆಗಳು ಅಪರೂಪಕ್ಕೆ ನಡೆಯುತ್ತವೆ. 2024ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಬಿಜನೌರ್ ಜಿಲ್ಲೆಯಲ್ಲಿ ಕಿಸಾನ್ ಎಕ್ಸ್‌ಪ್ರೆಸ್ ಹೀಗೆಯೇ ಎರಡು ಭಾಗವಾಯಿತು. ಎರಡೂ ಭಾಗಗಳು ಹಳಿಯ ಮೇಲೆಯೇ ನಿಂತವು. ನಿಲ್ಲುವುದಕ್ಕೆ ಕಾರಣ ಬ್ರೇಕಿನ ವ್ಯವಸ್ಥೆ ಎಂಬಷ್ಟು ಬಲ್ಲೆ. ಒಳಗಿನ ಕೆಲಸವನ್ನು ರೈಲ್ವೆಯವರೇ ವಿವರಿಸಿದರೆ ಉತ್ತಮ.

ಉತ್ತರ 2: ನಿವೃತ್ತ ಗಾರ್ಡ್

ಮೇಡಂ, ತಮ್ಮ ಮುಖ್ಯ ಆತಂಕಕ್ಕೆ ಮೊದಲು ಉತ್ತರಿಸುತ್ತೇನೆ. ಬ್ರೇಕ್ ವ್ಯವಸ್ಥೆ ಸರಿಯಾಗಿದ್ದರೆ ಹಿಂದಿನ ಬೋಗಿಗಳು ಹಿಡಿತ ತಪ್ಪಿ ಓಡುವುದಿಲ್ಲ, ತಾವಾಗಿಯೇ ನಿಲ್ಲುತ್ತವೆ. ಗಾಳಿಯನ್ನು ತುಂಬಿಸಿದರೆ ಬ್ರೇಕ್ ಬೀಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ರೈಲಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಎಂಜಿನ್‌ನಿಂದ ಕೊನೆಯ ಬೋಗಿಯವರೆಗೆ ಹಾದುಹೋಗುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡದ ಗಾಳಿ ಇರುವವರೆಗೆ ಮಾತ್ರ ಬ್ರೇಕ್ ಬಿಟ್ಟುಕೊಂಡಿರುತ್ತದೆ. ಆ ಒತ್ತಡ ಕುಸಿದ ಕೂಡಲೇ ಪ್ರತಿಯೊಂದು ಬೋಗಿಯ ಕೆಳಗಿರುವ ಡಿಸ್ಟ್ರಿಬ್ಯೂಟರ್ ವಾಲ್ವ್, ಅದೇ ಬೋಗಿಯ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಹಾಯಿಸುತ್ತದೆ. ಅಂದರೆ ಪ್ರತಿ ಬೋಗಿಯೂ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಶಕ್ತಿಯನ್ನು ಮೊದಲೇ ಹೊತ್ತುಕೊಂಡಿರುತ್ತದೆ.

ಪ್ಲಾಟ್‌ಫಾರ್ಮಿನ ಅಂಚಿನಿಂದ ಎರಡು ಬೋಗಿಗಳ ನಡುವೆ ನೋಡಿದರೆ ಹೋಸ್ ಪೈಪುಗಳು ಜೋತುಬಿದ್ದಿರುವುದು ಕಾಣುತ್ತದೆ. ಹಸಿರು ಗುರುತಿನದು ಬ್ರೇಕ್ ಪೈಪ್, ಬಿಳಿ ಗುರುತಿನದು ಬೋಗಿಗಳ ಟ್ಯಾಂಕಿಗೆ ಗಾಳಿ ತುಂಬುವ ಫೀಡ್ ಪೈಪ್. ಎರಡೂ ಕಡೆಯ ಹೋಸಿನ ತುದಿಗಳು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಕೊಂಡಿರುತ್ತವೆ. ಬೋಗಿಗಳು ದೂರ ಸರಿದಾಗ ಅವು ಎಳೆತಕ್ಕೆ ಬಿಚ್ಚಿಕೊಳ್ಳುತ್ತವೆ ಅಥವಾ ಹರಿಯುತ್ತವೆ, ಗಾಳಿ ಭುಸ್ಸೆಂದು ಹೊರನುಗ್ಗುತ್ತದೆ, ಮತ್ತು ಎರಡೂ ಭಾಗಗಳಲ್ಲಿ ಬ್ರೇಕ್ ಬೀಳುತ್ತದೆ. ಗಾರ್ಡ್ ಬೋಗಿಯ ಮಾಪಕದ ಮುಳ್ಳು 5ರಿಂದ ಸೊನ್ನೆಯ ಕಡೆಗೆ ಬಿದ್ದುಹೋಗುತ್ತದೆ. ಎಂಜಿನ್‌ನಲ್ಲಿಯೂ ಒತ್ತಡ ಇಳಿದದ್ದನ್ನು, ಗಾಳಿ ಒಮ್ಮೆಲೇ ಹೆಚ್ಚು ಹರಿಯುತ್ತಿರುವುದನ್ನು ಮಾಪಕಗಳು ತೋರಿಸುವುದರಿಂದ, ಲೋಕೋ ಪೈಲಟ್ (ಎಂಜಿನ್ ಚಾಲಕ) ಹಿಂದಿರುಗಿ ನೋಡುವ ಮೊದಲೇ ಎಲ್ಲೋ ಪೈಪ್ ತೆರೆದುಕೊಂಡಿದೆ ಎಂಬುದನ್ನು ಅರಿಯುತ್ತಾರೆ.

ಇಲ್ಲಿ ಹೊರಗಿನವರಿಗೆ ವಿಚಿತ್ರವೆನಿಸುವ ನಿಯಮವೊಂದಿದೆ. ಗಾಡಿ ತುಂಡಾಗಿದೆ ಎಂದು ಗೊತ್ತಾದರೆ ಲೋಕೋ ಪೈಲಟ್ ಮುಂದಿನ ಭಾಗವನ್ನು ಗಕ್ಕನೆ ನಿಲ್ಲಿಸಬಾರದು. ಹಿಂದಿನ ಭಾಗ ನಿಲ್ಲುವವರೆಗೆ, ಸಾಧ್ಯವಿದ್ದಷ್ಟೂ, ಮುಂದಿನದನ್ನು ಚಲನೆಯಲ್ಲಿಯೇ ಇರಿಸಿಕೊಳ್ಳಬೇಕು. ಇಲ್ಲವಾದರೆ ಹಿಂದಿನಿಂದ ಇನ್ನೂ ಬರುತ್ತಿರುವ ಬೋಗಿಗಳು ಮುಂದಿನವುಗಳಿಗೇ ಬಂದು ಅಪ್ಪಳಿಸಬಹುದು. ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ, ಒಂದು ಗಿಡ್ಡ ಸೀಟಿ ಹಾಕಿದರೆ ಗಾಡಿ ಬೇರ್ಪಟ್ಟಿದೆ ಎಂದು ಗಾರ್ಡ್‌ಗೆ ಸೂಚನೆ.

ಹಿಂದಿನಿಂದ ಇನ್ನೊಂದು ಗಾಡಿ ಬರುವ ಭಯವೂ ಬೇಡ. ಕೊನೆಯ ಬೋಗಿಯ ಗುರುತು ಸಮೇತ ಗಾಡಿ ಮುಂದಿನ ನಿಲ್ದಾಣಕ್ಕೆ ಪೂರ್ತಿಯಾಗಿ ಬಂದಿದೆ ಎಂಬುದು ಖಚಿತವಾಗದೆ, ಎರಡು ನಿಲ್ದಾಣಗಳ ನಡುವಿನ ಆ ವಿಭಾಗಕ್ಕೆ ಮತ್ತೊಂದು ಗಾಡಿಗೆ ಲೈನ್ ಕ್ಲಿಯರ್ (ಪ್ರವೇಶಿಸಲು ಅನುಮತಿ) ಸಿಗುವುದಿಲ್ಲ. ಅಷ್ಟರ ಮೇಲೂ, ಬ್ರಾಡ್‌ಗೇಜ್‌ನಲ್ಲಿ ಗಾಡಿಯ ರಕ್ಷಣೆಗೆ ಹೋಗುವ ಗಾರ್ಡ್ (2022ರಿಂದ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್) 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿ ಸಿಗ್ನಲ್‌ಗಳನ್ನು (ಚಕ್ರ ಹಾಯ್ದರೆ ಸಿಡಿದು ಚಾಲಕರನ್ನು ಎಚ್ಚರಿಸುವಂಥವು) ಹಳಿಯ ಮೇಲೆ ಇಡುತ್ತಾರೆ.

ಜಂಬಗಾರು ನಿವಾಸಿ

ತುಂಬಾ ಧನ್ಯವಾದಗಳು ಸರ್, ಮನಸ್ಸಿಗೆ ಸಮಾಧಾನವಾಯಿತು. ಇನ್ನೊಂದು ಸಂದೇಹ: ಸಕಲೇಶಪುರದ ಘಾಟಿಯಂತಹ ಏರಿನಲ್ಲಿ ಹೀಗಾದರೆ? ತಾವು ಹೇಳಿದ ಬ್ರೇಕ್ ಕೆಲಸ ಮಾಡದೇ ಇರುವ ಸಂದರ್ಭ ಇದೆಯೇ?

ಉತ್ತರ 3: ನಿವೃತ್ತ ಗಾರ್ಡ್

ಇದೆ, ಮತ್ತು ಅದನ್ನು ಮುಚ್ಚಿಡಬಾರದು. ಪ್ರತಿ ಬೋಗಿಯ ಎರಡೂ ತುದಿಯಲ್ಲಿ, ಹೋಸ್ ಪೈಪಿನ ಬುಡದಲ್ಲಿ, ಆ್ಯಂಗಲ್ ಕಾಕ್ ಎಂಬ ತಿರುವು ಇರುತ್ತದೆ. ನಡುವೆ ಎಲ್ಲೋ ಒಂದು ಕಾಕ್ ಮುಚ್ಚಿಕೊಂಡಿದ್ದರೆ ಅದರ ಹಿಂದಿನ ಬೋಗಿಗಳಿಗೆ ಎಂಜಿನ್‌ನ ಬ್ರೇಕ್ ತಲುಪುವುದಿಲ್ಲ. ಮುಚ್ಚಿದ ಜಾಗದಲ್ಲಿಯೇ ಗಾಡಿ ತುಂಡಾದರೆ ಒಳಗಿನ ಗಾಳಿ ಹೊರಗೆ ಹೋಗದೆ ಬ್ರೇಕ್ ತಾನಾಗಿ ಬೀಳುವುದೂ ಇಲ್ಲ. ಆಗ ಗಾರ್ಡ್ ತನ್ನ ವಾಲ್ವ್ ತೆರೆದು ಗಾಳಿ ಬಿಡಬೇಕು, ಅಥವಾ ಪ್ರಯಾಣಿಕರು ಚೈನ್ ಎಳೆಯಬೇಕು. ಈ ಕಾರಣಕ್ಕಾಗಿಯೇ ಬೋಗಿ ಸೇರಿಸಿದಾಗ, ಬಿಡಿಸಿದಾಗ ಹೊರಡುವ ಮೊದಲು ಗಾರ್ಡ್ ಹಿಂದಿನಿಂದ ಒತ್ತಡ ಇಳಿಸಿ, ಎಂಜಿನ್‌ನ ಮಾಪಕದಲ್ಲಿ ಅದು ಕಾಣುತ್ತದೆಯೇ ಎಂದು ಲೋಕೋ ಪೈಲಟ್ ಜೊತೆ ಪರೀಕ್ಷಿಸುತ್ತಾರೆ. ಗಾಡಿ ತಡವಾಗಿದೆ ಎಂದು ಈ ಪರೀಕ್ಷೆಗೆ ಅವಸರಪಡಿಸುವವರನ್ನು ಕಂಡರೆ ನನಗೆ ಇಂದಿಗೂ ಕೋಪ ಬರುತ್ತದೆ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ 50 ಮೀಟರಿಗೆ 1 ಮೀಟರ್ ಏರು, 57 ಸುರಂಗಗಳು. ಅಲ್ಲಿ ಬ್ರೇಕ್ ಬಿದ್ದು ನಿಂತ ಬೋಗಿಗಳನ್ನೂ ಹಾಗೆಯೇ ನಂಬಿ ಬಿಡುವಂತಿಲ್ಲ, ಏಕೆಂದರೆ ಸಿಲಿಂಡರಿನ ಗಾಳಿ ನಿಧಾನವಾಗಿ ಸೋರುತ್ತದೆ. ಹ್ಯಾಂಡ್ ಬ್ರೇಕ್ ಬಿಗಿದು, ಚಕ್ರದಡಿ ಮರದ ವೆಡ್ಜ್ ಕೊಟ್ಟ ಮೇಲೆಯೇ ಮುಂದಿನ ಕೆಲಸ.

ಇಂತಹ ಬ್ರೇಕ್ ಇಲ್ಲದಿದ್ದಾಗ ಏನಾಯಿತು ಎಂಬುದಕ್ಕೆ ಐರ್ಲೆಂಡಿನ ಅರ್ಮಾ ದುರಂತವೇ ಸಾಕ್ಷಿ. 1889ರ ಜೂನ್ 12ರಂದು ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ ಗಾಡಿ ಏರಿನಲ್ಲಿ ನಿಂತುಹೋದಾಗ ಸಿಬ್ಬಂದಿ ಹಿಂದಿನ ಬೋಗಿಗಳನ್ನು ತಾವೇ ಕಳಚಿದರು. ಕಳಚಿದೊಡನೆ ಬ್ರೇಕ್ ಬಿಟ್ಟುಹೋಗುವ ವ್ಯವಸ್ಥೆ ಅದು. ಚಕ್ರಕ್ಕೆ ಕೊಟ್ಟ ಕಲ್ಲುಗಳು ತಡೆಯಲಿಲ್ಲ. ಬೋಗಿಗಳು ಇಳಿಜಾರಿನಲ್ಲಿ ಓಡಿ ಹಿಂದೆ ಬರುತ್ತಿದ್ದ ಗಾಡಿಗೆ ಬಡಿದು 80 ಮಂದಿ ಸತ್ತರು. ಪ್ರಯಾಣಿಕರ ಗಾಡಿಗಳಿಗೆ ತಾನಾಗಿ ಬೀಳುವ ಬ್ರೇಕ್ ಕಡ್ಡಾಯವೆಂಬ ಕಾನೂನನ್ನು ಬ್ರಿಟನ್ ಅದೇ ವರ್ಷ ತಂದಿತು.

ಉತ್ತರ 4: ಕೋಚ್ ಮೆಕ್ಯಾನಿಕ್

ಗಾರ್ಡ್ ಸಾಹೇಬರು ಬರೆದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಳೆಯ ಮಾದರಿಯ ಐಸಿಎಫ್ ಬೋಗಿಗಳಲ್ಲಿ ಸ್ಕ್ರೂ ಕಪ್ಲಿಂಗ್ ಅಥವಾ ಕೊಕ್ಕೆ ಬಿರುಕುಬಿಟ್ಟು ತುಂಡಾಗಬಹುದು. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಗಳ ಕಪ್ಲರ್‌ನಲ್ಲಿ ಮುಷ್ಟಿಯಾಕಾರದ ನಕಲ್ ಮುಚ್ಚಿಕೊಂಡಂತೆ ಕಂಡರೂ ಒಳಗಿನ ಲಾಕ್ ಪೂರ್ತಿ ಕೆಳಗೆ ಕೂರದಿರುವ ಸಾಧ್ಯತೆ ಉಂಟು. ಆದ್ದರಿಂದ ಬೋಗಿ ಜೋಡಿಸಿದ ಮೇಲೆ ಬಗ್ಗಿ ನೋಡಿ ಲಾಕ್ ಬಿದ್ದದ್ದನ್ನು ಖಚಿತಪಡಿಸಿಕೊಳ್ಳುವುದು ನಮ್ಮ ಕೆಲಸ.

ಮೇಡಂ, ತಮ್ಮ ಮಗಳಿಗೆ ಓಣಿಯಲ್ಲಿ ನಿಲ್ಲಬೇಡವೆಂದು ದಯವಿಟ್ಟು ಹೇಳಿ. ಗಾಡಿ ತುಂಡಾದಾಗ ಬೋಗಿಯ ಒಳಗಿರುವವರಿಗೆ ಒಂದು ಕುಲುಕು, ಅನಂತರ ಗಟ್ಟಿಯಾದ ಬ್ರೇಕ್. ಓಣಿಯಲ್ಲಿ ನಿಂತವರ ಕಾಲಡಿಯ ತಗಡೇ ಜಾರಿಹೋಗುತ್ತದೆ. ಹಾಗೇನಾದರೂ ಆದರೆ ಆ ಬಾಗಿಲಿನಿಂದ ದೂರ ಸರಿಯಬೇಕು, ಗಾಡಿ ಪೂರ್ತಿ ನಿಲ್ಲುವ ಮೊದಲು ಹಾರಬಾರದು, ನಿಂತ ಮೇಲೂ ಸಿಬ್ಬಂದಿ ಹೇಳದೆ ಇಳಿಯಬಾರದು. ಎರಡು ಭಾಗಗಳ ನಡುವಿನ ಹಳಿಯ ಮೇಲಂತೂ ಯಾರೂ ನಿಲ್ಲಬಾರದು, ಏಕೆಂದರೆ ಮತ್ತೆ ಜೋಡಿಸಲು ಎಂಜಿನ್ ಹಿಂದಕ್ಕೆ ಬರುವುದು ಅದೇ ಜಾಗಕ್ಕೆ. ಸಿಬ್ಬಂದಿ ಸಿಗದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಗಾಡಿಯ ಸಂಖ್ಯೆ ಮತ್ತು ದಾಟಿಬಂದ ನಿಲ್ದಾಣದ ಹೆಸರನ್ನು ತಿಳಿಸಬಹುದು.