ಚಿಕ್ಕಂದಿನ ಅಂಬೋಲಿಗೆ ಅವ್ವನನ್ನು ಕರೆದುಕೊಂಡು ಹೋಗಬೇಕು, ಹೋಗಿ ಬಂದವರು ಅನುಭವ ಹೇಳಿ

ಅನಗೋಳ ವಾಸಿ:
ನಾನು ಹುಟ್ಟಿದ್ದು ವಿಜಯಪುರ ಕಡೆ, ಬೆಳೆದದ್ದು ಮಹಾರಾಷ್ಟ್ರದ ಗಿರಿಧಾಮ ಅಂಬೋಲಿಯಲ್ಲಿ. ಅಪ್ಪ ಅಲ್ಲಿ ಒಂದು ಲಾಡ್ಜಿನಲ್ಲಿ ಅಡುಗೆ ಮಾಡುತ್ತಿದ್ದರು. ನಾಲ್ಕನೇ ಇಯತ್ತೆವರೆಗೆ ಅಲ್ಲಿನ ಮರಾಠಿ ಶಾಲೆಗೆ ಹೋದೆ. 1993ರಲ್ಲಿ ಬೆಳಗಾವಿಗೆ ಬಂದೆವು. ಇಲ್ಲಿಂದ ಎರಡು ತಾಸಿನ ದಾರಿ, ಆದರೂ ಮತ್ತೆ ಹೋಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಆ ಊರಿನ ಮಾತೇ ನಿಂತುಹೋಯಿತು. ಈಗ ಅವ್ವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಅಂಬೋಲಿಯ ಮಳೆ ಒಂದು ಸಲ ನೋಡಬೇಕು ಅಂತಾಳೆ. ನಮಗೆ ಕಾರಿಲ್ಲ. ಮಳೆಯಲ್ಲಿ ಹೋಗಬಹುದಾ? ರಾತ್ರಿ ಉಳಿಯಬೇಕಾ? ಹಿರಣ್ಯಕೇಶಿ ಗುಡಿವರೆಗೆ ಅವಳು ನಡೆಯಬಲ್ಲಳಾ? ಇಷ್ಟು ವರ್ಷದ ಮೇಲೆ ಹೋದವರಿಗೆ ಹೇಗನಿಸಿತು?

ಟಿಳಕವಾಡಿ ಅಕ್ಕ:
ಮಳೆಯಲ್ಲಿ ಹೋಗಲೇಬೇಡ ತಂಗಿ. ನಮ್ಮಪ್ಪ ಪ್ರತಿ ಮೇ ತಿಂಗಳು ಅಂಬೋಲಿಗೆ ಕರೆದುಕೊಂಡು ಹೋಗುತ್ತಿದ್ದರು. ಹಾಸಿಗೆ ಸುತ್ತಿ, ಸ್ಟೋವು, ಅಕ್ಕಿ, ಉಪ್ಪಿನಕಾಯಿ ಭರಣಿ ಎಲ್ಲ ಕಟ್ಟಿಕೊಂಡು ಕೆಂಪು ಬಸ್ಸು ಹತ್ತುತ್ತಿದ್ದೆವು. ಸಂಜೆ ಸನ್‌ಸೆಟ್ ಪಾಯಿಂಟಿನಲ್ಲಿ ನಾವು, ಇನ್ನೊಂದು ಮನೆಯವರು, ಅಷ್ಟೇ. ಅದನ್ನು ಮಕ್ಕಳಿಗೆ ತೋರಿಸೋಣ ಅಂತ ಕಳೆದ ಜುಲೈನಲ್ಲಿ ಒಂದು ಭಾನುವಾರ ಹೊರಟೆವು.

ಇನ್ನೋವಾ ಬಾಡಿಗೆ 5,500. ಡ್ರೈವರ್ ಭತ್ಯೆ 500, ಅವನ ಊಟ ಬೇರೆ. ಘಾಟಿನಲ್ಲಿ ಜಲಪಾತಕ್ಕಿಂತ ಎಷ್ಟೋ ಹಿಂದೆಯೇ ಗಾಡಿಗಳು ನಿಂತುಬಿಟ್ಟಿದ್ದವು. ಮೂರು ತಾಸು ಕದಲಲಿಲ್ಲ. ನನ್ನ ಅತ್ತೆಗೆ ಸಕ್ಕರೆ ಕಾಯಿಲೆ, ಸಂಡಾಸಕ್ಕೆ ಎಲ್ಲಿ ಕರೆದುಕೊಂಡು ಹೋಗಲಿ? ಜಲಪಾತದ ಮೆಟ್ಟಿಲ ಮೇಲೆ ಕುಡಿದ ಹುಡುಗರು, ಅಂಗಿ ಬಿಚ್ಚಿ ಕುಣಿತ, ಸ್ಪೀಕರ್. ನನ್ನ ಮಗಳ ಮೈಮೇಲೆ ಬಾಟಲಿ ನೀರು ಎರಚಿದರು. ಗೋವಿನಜೋಳದ ತೆನೆ ಒಂದಕ್ಕೆ 50, ಭಜಿ ಪ್ಲೇಟಿಗೆ 80, ಚಹಾ 25. ರೂಮಿಗೆ 3,800 ಕೊಟ್ಟೆವು. ಗಾದಿ ಹಸಿ, ಚಾದರ ಹಸಿ, ಗೋಡೆ ಕೈಯಿಂದ ಮುಟ್ಟಿದರೆ ನೀರು. ಬಿಸಿನೀರು ಬಕೆಟ್ಟಿಗೆ 60. ಕರೆಂಟು ಹೋಯಿತು, ಜನರೇಟರ್ ಹತ್ತು ಗಂಟೆಗೆ ಬಂದ್. ಬೆಳಿಗ್ಗೆ ಮಕ್ಕಳಿಗೆ ಜ್ವರ. ಬೆಳಗಾವಿಗೆ ಬಂದು ಡಾಕ್ಟರಿಗೆ, ಔಷಧಿಗೆ 2,400. ಮಕ್ಕಳು ಈಗ ಅಂಬೋಲಿ ಅಂದರೆ ಮುಖ ತಿರುಗಿಸುತ್ತಾರೆ. ಅದೇ ನನಗೆ ಭಾಳ ಬೇಜಾರು.

ಹಿಂಡಲಗಾ ಕಾಕಾ:
ಅಕ್ಕಾವರೇ, ಜುಲೈ ಭಾನುವಾರ ಅಂಬೋಲಿಗೆ ಹೋಗಿ ಜನ ಜಾಸ್ತಿ ಅಂದರೆ ಹೇಗೆ? ವಾರದ ನಡುವೆ ಹೋಗಿ ನೋಡಿ. ಮಂಜು ಇಳಿದರೆ ಎದುರಿನ ಮರ ಕಾಣುವುದಿಲ್ಲ, ಒಂದು ಗಾಡಿ ಸದ್ದೂ ಇರುವುದಿಲ್ಲ.

ನಾನು ಅಲ್ಲಿ ಮನೆ ಕಟ್ಟಿದ್ದೇನೆ. ಸುಮ್ನೆ ನೋಡಿ ಬರುವವರಿಗೂ ಅಲ್ಲಿ ಇರುವವರಿಗೂ ವ್ಯತ್ಯಾಸ ಇದೆ. ನನ್ನ ಅಜ್ಜಿ ಮನೆ ಅಲ್ಲೇ ಚೌಕುಳ ದಾರಿಯಲ್ಲಿತ್ತು. ಅದು ಕೈಬಿಟ್ಟು ಹೋದಮೇಲೆ, ರಿಟೈರ್ ಆದ ದಿನ ಬಂದ ಹಣದಲ್ಲಿ ಅಲ್ಲೇ ಜಾಗ ತೆಗೆದುಕೊಳ್ಳುತ್ತೇನೆ ಅಂತ ಹಟ ತೊಟ್ಟಿದ್ದೆ. ಮಹಾರಾಷ್ಟ್ರದಲ್ಲಿ ಹೊಲದ ಜಮೀನು ರೈತನಿಗೆ ಮಾತ್ರ. ನಮ್ಮಲ್ಲಿ 2020ರಲ್ಲಿ ಆ ನಿಯಮ ತೆಗೆದರು, ಅಲ್ಲಿ ಇನ್ನೂ ಇದೆ. ಅದಕ್ಕೇ ಎನ್‌ಎ ಆದ, ಅಂದರೆ ಬಿನ್‌ಶೇತಿ ಮಾಡಿಸಿದ, ಮೂರು ಗುಂಟೆ ಪ್ಲಾಟ್ ಹುಡುಕಿದೆ. ಜಾಗಕ್ಕೆ 14 ಲಕ್ಷ. ಸಾತ್‌ಬಾರಾ ಉತಾರ (ಅಲ್ಲಿನ ಪಹಣಿ) ತೋರಿಸಲು ಏಜೆಂಟ್ 40,000 ತಿಂದ, ವಕೀಲರು 25,000. ಚಿರೆಕಲ್ಲು ಗಾಡಿ ಘಾಟಿ ಹತ್ತಬೇಕು, ಆ ಬಾಡಿಗೆಯೇ ಕಲ್ಲಿನ ರೇಟಿಗೆ ಸಮ. ಮೊದಲ ಮಳೆಗೆ ಹಿಂದಿನ ಕಂಪೌಂಡ್ ಬಿತ್ತು, 1,85,000. ಗುತ್ತಿಗೆದಾರ ನೀರು ಹೋಗಲು ತೂತು ಬಿಟ್ಟಿರಲಿಲ್ಲ, ಫೋನ್ ಕೂಡ ಎತ್ತಲಿಲ್ಲ. ಕಬ್ಬಿಣದ ಕಿಟಕಿಗೆ ಎರಡೇ ವರ್ಷದಲ್ಲಿ ಜಂಗು. ಎಲ್ಲ ಕಿತ್ತು ಅಲ್ಯೂಮಿನಿಯಂ ಹಾಕಿಸಿದೆ, 96,000. ಹಂಚಿನ ಕೆಳಗೆ ಪತ್ರಾಸ್ ಹೊದಿಸಿದೆ, ಇಲ್ಲದಿದ್ದರೆ ಗಾಳಿ ಮಳೆಯನ್ನು ಮೇಲಕ್ಕೆ ತಳ್ಳುತ್ತದೆ. ಪ್ರತಿ ಮೇ ಕೊನೆಗೆ ಪಶ್ಚಿಮದ ಗೋಡೆಗೆ ತಾಡಪತ್ರಿ ಕಟ್ಟಬೇಕು, ಆಳು ಸೇರಿ 9,000. ನೋಡಿಕೊಳ್ಳುವವನಿಗೆ ತಿಂಗಳಿಗೆ 6,000.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ಅದು. ಬೆಳಗಾವಿಯ ಐದು ಪಟ್ಟು. ಅಲ್ಲಿ ಮನೆ ನಿಲ್ಲಿಸುವುದು ಅಂದರೆ ಮಾತಲ್ಲ. ನಿಲ್ಲಿಸಿದ್ದೇನೆ.

ಸಂಕೇಶ್ವರ ಮಾಸ್ತರ:
ನಿಲ್ಲಿಸಿದ್ದೀರಿ, ಸರಿ. ನಿಮ್ಮ ಹಾಗೆ ಇನ್ನೆಷ್ಟು ಮಂದಿ ನಿಲ್ಲಿಸಿದ್ದಾರೆ, ಅದನ್ನೂ ಹೇಳಿ ಕಾಕಾ. ನಿಮ್ಮೆಲ್ಲರ ಸಂಡಾಸದ ಗುಂಡಿ ಎಲ್ಲಿಗೆ ಇಳಿಯುತ್ತದೆ? ಅಂಬೋಲಿಯ ಗವಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಆಜರಾ ದಾಟಿ ನಮ್ಮ ಸಂಕೇಶ್ವರಕ್ಕೆ ಬರುತ್ತಾಳೆ. ಶಂಕರಲಿಂಗನ ಗುಡಿ ಹತ್ತಿರ ನಾವು ಈಜು ಕಲಿತ ನದಿ ಅದು.

ನನ್ನ ಸೋದರಮಾವ ಅಂಬೋಲಿಯಲ್ಲಿ ಅಂಗಡಿ ಇಟ್ಟಿದ್ದರು, ರಜೆಯೆಲ್ಲ ಅಲ್ಲೇ ಕಳೆದವನು ನಾನು. ವೆಂಗುರ್ಲಾ ಬಂದರಿನಿಂದ ಬೆಳಗಾವಿಯ ದಂಡಿಗೆ ಸಾಮಾನು ಬರುವ ರಸ್ತೆ ಬ್ರಿಟಿಷರ ಕಾಲದಲ್ಲಿ ಅಂಬೋಲಿ ಮೇಲೆ ಹೋಗುತ್ತಿತ್ತು. 1880ರ ಸುಮಾರಿಗೆ ಕರ್ನಲ್ ವೆಸ್ಟ್ರಾಪ್ ಅದನ್ನು ಗಿರಿಧಾಮ ಮಾಡಿದ. ಆ ಕಾಲದಿಂದ ಊರು ತಡೆದುಕೊಂಡಿತ್ತು. ಕೆಡಿಸಿದ್ದು ಈಗಿನ ಪ್ಲಾಟಿನವರು. ಅಂಬೋಲಿ, ಗೇಳೆ, ಚೌಕುಳದಲ್ಲಿ ತಲೆತಲಾಂತರದಿಂದ ಇರುವ ಮಂದಿಯ ಕಬುಲಾಯತ್‌ದಾರ್ ಗಾಂವ್ಕರ್ ಎಂಬ ಹಳೆಯ ಒಡೆತನದ ಜಮೀನಿನ ತಂಟೆ ನಿಮಗೆ ಗೊತ್ತಿರಬೇಕಲ್ಲ? ಅಜ್ಜನ ಕಾಲದಿಂದ ಉಳುವವನ ಹೆಸರು ಉತಾರದಲ್ಲಿ ಬರಲಿಲ್ಲ, ಎಷ್ಟೋ ವರ್ಷ ಕಚೇರಿ ಅಲೆದರು. ಹೊರಗಿನವರ ಹೆಸರು ಹಣ ಕೊಟ್ಟರೆ ಬರುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಹಿರಣ್ಯಕೇಶಿ ಗುಡಿಯ ಕೊಳದಲ್ಲಿ ಒಂದು ಸಣ್ಣ ಮೀನಿದೆ. ಊರವರು ದೇವರ ಮೀನು ಅನ್ನುತ್ತಾರೆ. 2020ರಲ್ಲಿ ಅದಕ್ಕೆ ಶಿಸ್ಟುರಾ ಹಿರಣ್ಯಕೇಶಿ ಅಂತ ಶಾಸ್ತ್ರದ ಹೆಸರು ಬಂತು, ಮರುವರ್ಷ ಆ ಜಾಗ ಜೀವವೈವಿಧ್ಯದ ಪಾರಂಪರಿಕ ತಾಣ ಆಯಿತು. ಗುಡಿಗೆ ಹೋಗುವವರು ಕೊಳಕ್ಕೆ ಸಾಬೂನು, ಹೂವಿನ ಪ್ಲಾಸ್ಟಿಕ್ ಎಸೆಯಬೇಡಿ.

ಹಿಂಡಲಗಾ ಕಾಕಾ:
ಮಾಸ್ತರೇ, ನಾನು ಊರವರ ಜಮೀನು ಮುಟ್ಟಿಲ್ಲ. ನನ್ನದು ಎನ್‌ಎ ಪ್ಲಾಟ್, ಕಾಗದ ಪಕ್ಕಾ ಇದೆ. ಮೂರು ಕೋಣೆಯ ಸೆಪ್ಟಿಕ್ ಟ್ಯಾಂಕಿಗೆ 78,000 ಸುರಿದಿದ್ದೇನೆ. ಸಂಕೇಶ್ವರದಲ್ಲಿ ಗಟಾರದ ನೀರು ಎಲ್ಲಿ ಬಿಡುತ್ತಾರೆ, ಅದನ್ನೂ ಸ್ವಲ್ಪ ಬರೆಯಿರಿ.

ಅಥಣಿ ಮಗಳು, ವಿಜಯಪುರ ಸೊಸೆ:
ಅನಗೋಳದವರೇ, ನನ್ನದು ಅಂಬೋಲಿ ಅಲ್ಲ, ಮಹಾಬಳೇಶ್ವರ. ಅಥಣಿಯಲ್ಲಿ ಹೊಲಿದ ಕೊಲ್ಹಾಪುರಿ ಚಪ್ಪಲಿ ತಂದು ನಮ್ಮಪ್ಪ ಅಲ್ಲಿನ ಬಜಾರದಲ್ಲಿ ಮಾರುತ್ತಿದ್ದರು. ಏಳನೇ ಇಯತ್ತೆವರೆಗೆ ಅಲ್ಲೇ ಓದಿದೆ. ಚಳಿಗಾಲದ ಬೆಳಿಗ್ಗೆ ವೆಣ್ಣಾ ಕೆರೆ ಹತ್ತಿರ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಗಟ್ಟಿ ಆಗಿರುತ್ತಿತ್ತು. ಅದನ್ನು ಕೆರೆದು ತಿಂದು ಅವ್ವನ ಕೈಯಲ್ಲಿ ಪೆಟ್ಟು ತಿನ್ನುತ್ತಿದ್ದೆವು.

ನಾನು ಹೋಗಿದ್ದು ನೆನಪಿಗಾಗಿ ಅಲ್ಲ, ಶಾಲೆ ಬಿಟ್ಟ ದಾಖಲೆಗಾಗಿ. ನೌಕರಿಯ ಕಾಗದದಲ್ಲಿ ಹುಟ್ಟಿದ ತಾರೀಕು ತಪ್ಪಿತ್ತು, ಪೆನ್ಶನ್ ನಿಂತುಹೋಗುತ್ತಿತ್ತು. ವಿಜಯಪುರದಿಂದ ರಾತ್ರಿ ಬಸ್ಸು ಸಾತಾರಕ್ಕೆ, ಅಲ್ಲಿಂದ ಎಸ್‌ಟಿ (ಮಹಾರಾಷ್ಟ್ರದ ಸರಕಾರಿ ಬಸ್ಸು) ಹಿಡಿದು ಮೇಲೆ. ಶಾಲೆಯಲ್ಲಿ ರಜಿಸ್ಟರ್ ಇಲ್ಲ ಅಂದರು. ತಾಲೂಕಿಗೆ ಹೋಗಿ ಅಂದರು. ತಾಲೂಕಿನವರು ಶಾಲೆಗೆ ಹೋಗಿ ಅಂದರು. ಲಾಡ್ಜಿಗೆ ದಿನಕ್ಕೆ 2,200, ಶನಿವಾರ ಬಂತು ಅಂತ ಅದೇ ರೂಮು 4,500. ಅಫಿಡವಿಟ್ 700. ಝೆರಾಕ್ಸ್, ಟ್ಯಾಕ್ಸಿ ಸೇರಿ 3,100. ಕೊನೆಗೆ ರಜಿಸ್ಟರ್ ಸಿಕ್ಕಿತು. ನನ್ನ ವರ್ಷದ ಪುಟಗಳು ಮಳೆ ನೀರಿಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಒಬ್ಬ ವಯಸ್ಸಾದ ಸಿಪಾಯಿ ಬ್ಲೇಡಿನಿಂದ ಒಂದೊಂದೇ ಬಿಡಿಸಿದ, ಹಣ ಮುಟ್ಟಲಿಲ್ಲ. ಆತ ಇಲ್ಲದಿದ್ದರೆ ನನ್ನ ಪೆನ್ಶನ್ ಇಲ್ಲ.

ನಮ್ಮ ಅಂಗಡಿ ಇದ್ದ ಕಡೆ ಈಗ ಚಿಕ್ಕಿ ಮಾರುತ್ತಾರೆ. ಒಳಗೆ ನಿಂತು ನೋಡಿದ್ದಕ್ಕೆ, ಏನು ಬೇಕು ಬೇಗ ಹೇಳಿ ಅಂದ ಹುಡುಗ. ನಮ್ಮಪ್ಪ ಮೂವತ್ತು ವರ್ಷ ಕೂತ ಜಾಗ ಅದು. ಅರ್ಧ ಕಿಲೋ ಚಿಕ್ಕಿ ಕೊಂಡು ಹೊರಗೆ ಬಂದೆ.

ಮಾಸ್ತರೇ, ಅಲ್ಲಿ 2001ರಲ್ಲೇ ಪರಿಸರ ಸೂಕ್ಷ್ಮ ವಲಯ ಅಂತ ಮಾಡಿದರು. ಆದರೂ ಶನಿವಾರದ ಗಾಡಿ ಸಾಲು ಪಂಚಗಣಿವರೆಗೆ ಇರುತ್ತದೆ. ಬರೀ ಮನೆ ಕಟ್ಟುವವರನ್ನು ಬೈದರೆ ಆಗುವುದಿಲ್ಲ.

ಖಾನಾಪುರ ಹುಡುಗ:
ಎಲ್ಲರೂ ಯಾಕೆ ಮಹಾರಾಷ್ಟ್ರಕ್ಕೆ ಓಡುತ್ತೀರಿ? ನಮ್ಮ ಜಾಂಬೋಟಿ, ಕಣಕುಂಬಿ ಇಲ್ವಾ? ಮಲಪ್ರಭೆ ಹುಟ್ಟುವ ಜಾಗ. ಮಳೆ, ಮಂಜು ಎಲ್ಲ ಇದೆ, ದುಡ್ಡೂ ನಮ್ಮಲ್ಲೇ ಉಳಿಯುತ್ತದೆ.

ಟಿಳಕವಾಡಿ ಅಕ್ಕ:
ತಮ್ಮಾ, ಆಕೆ ಬೆಳೆದದ್ದು ಅಂಬೋಲಿಯಲ್ಲಿ. ಕಣಕುಂಬಿಗೆ ಹೋಗಿ ಆಕೆ ಯಾರ ಮನೆ ಹುಡುಕಬೇಕು? ಗಡಿ ಮಾತು ಇಲ್ಲಿ ಬೇಡ.

ನವನಗರ ಬಾಗಲಕೋಟೆ:
ಇಷ್ಟು ಹೊತ್ತು ಓದಿ ಸುಮ್ಮನಿದ್ದೆ. ಗಾದಿ ಹಸಿ ಇತ್ತು, ಭಜಿಗೆ 80 ಆಯಿತು, ಚಿಕ್ಕಿ ಹುಡುಗ ಮುಖ ಕೊಡಲಿಲ್ಲ. ನಿಮಗೆಲ್ಲ ಹೋಗಲು ಒಂದು ಊರಾದರೂ ಇದೆ. ನಾನು ಆಲಮಟ್ಟಿ ಡ್ಯಾಮಿನ ಮುಳುಗಡೆಯವನು. ಮಾಸ್ತರರು ಹೇಳಿದ ಹಿರಣ್ಯಕೇಶಿ ಸಂಕೇಶ್ವರಕ್ಕೆ ನಿಲ್ಲುವುದಿಲ್ಲ. ಘಟಪ್ರಭೆಗೆ ಸೇರಿ ಗೋಕಾಕ ದಾಟಿ ಬಾಗಲಕೋಟೆಗೆ ಬರುತ್ತದೆ. ಅಥಣಿ ತಂಗಿಯ ಮಹಾಬಳೇಶ್ವರದ ಕೃಷ್ಣೆಯೂ ಆಲಮಟ್ಟಿಗೇ ಬರುತ್ತಾಳೆ. ನಿಮ್ಮ ಎರಡೂ ಗಿರಿಧಾಮದ ಮಳೆ ನಮ್ಮ ಓಣಿಯ ಮೇಲೆ ನಿಂತಿದೆ.

ಪರಿಹಾರ ಕಂತಿನಲ್ಲಿ ಬಂತು, ಕೈಗೆ ಬರುವಷ್ಟರಲ್ಲಿ ಸಿಮೆಂಟು ರೇಟು ಏರಿತ್ತು. ನಮ್ಮ ತಂದೆ ಹಳೆ ಮನೆಯ ಸಾಗವಾನಿ ತೊಲೆ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ತಂದರು, ಬಾಡಿಗೆ ಆಗಿನ ಕಾಲಕ್ಕೆ 1,200. ಆ ತೊಲೆ ಹೊಸ ಸೈಟಿನ ಅಳತೆಗೆ ಕೂಡಲಿಲ್ಲ, ಕೊಯ್ದು ಬಾಗಿಲು ಮಾಡಿಸಿದರು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ತಂದೆ ಹೋಗಿ ಬುನಾದಿ ಕಲ್ಲು ನೋಡಿ ಬರುತ್ತಿದ್ದರು. ಈಗ ನೀರು 519.6 ಮೀಟರಿಗೆ ನಿಲ್ಲುತ್ತದೆ, 524.256ಕ್ಕೆ ಏರಿಸುವ ಮಾತು ನಡೆದೇ ಇದೆ. ಏರಿದರೆ ಇನ್ನಷ್ಟು ಹಳ್ಳಿಯವರು ನಮ್ಮ ಹಾಗೆ ಗಂಟು ಕಟ್ಟುತ್ತಾರೆ. ಮನೆ, ಶಾಲೆ ಎಲ್ಲ ನೆಲದ ಮೇಲೆ ಇರುವವರು ಅಲ್ಲಿಗೆ ಹೋಗಲೋ ಬೇಡವೋ ಅಂತ ಕೇಳುವುದು ನನಗೆ ಸಹಿಸಲು ಆಗುವುದಿಲ್ಲ. ಹೋಗಿರಿ ಅಕ್ಕಾ. ನಾಳೆಯೇ ಹೋಗಿರಿ.

ಅಥಣಿ ಮಗಳು, ವಿಜಯಪುರ ಸೊಸೆ:
ಅಣ್ಣಾ, ನಿಮ್ಮ ನೋವು ದೊಡ್ಡದು, ಒಪ್ಪುತ್ತೇನೆ. ಆದರೆ ನನ್ನ ಅಪ್ಪನ ಅಂಗಡಿಯ ನೋವು ಸಣ್ಣದು ಅಂತ ನೀವು ಅಳೆಯಬೇಡಿ. ನಮ್ಮ ಅಥಣಿ ತಾಲೂಕಿಗೂ 2019ರಲ್ಲಿ ಕೃಷ್ಣೆ ನುಗ್ಗಿದ್ದಳು. ಅಣ್ಣನ ಮನೆಯಲ್ಲಿ ಎದೆಮಟ್ಟ ನೀರು ನಿಂತಿತ್ತು.

ನವನಗರ ಬಾಗಲಕೋಟೆ:
ನೆರೆ ಇಳಿಯುತ್ತದೆ ತಂಗಿ. ಮುಳುಗಡೆ ಇಳಿಯುವುದಿಲ್ಲ.

ನಿವೃತ್ತ ಕಂಡಕ್ಟರ್:
ಆ ತಾಯಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಆ ದಾರಿಯಲ್ಲಿ ಡ್ಯೂಟಿ ಮಾಡಿದವನು. ಬೆಳಗಾವಿಯಿಂದ ಸಾವಂತವಾಡಿ, ವೆಂಗುರ್ಲಾ ಕಡೆಯ ಬಸ್ಸು ಹತ್ತಿರಿ. ಹಿಂಡಲಗಾ, ಶಿನೋಳಿ, ಪಾಟ್ಣೆ ಫಾಟಾ ಮೇಲೆ ಅಂಬೋಲಿ. ಘಾಟಿಗಿಂತ ಮೊದಲೇ ಊರು ಬರುತ್ತದೆ, ಹಾಗಾಗಿ ಜಲಪಾತದ ಗದ್ದಲ ನಿಮಗೆ ತಾಗುವುದಿಲ್ಲ. ಶಕ್ತಿ ಯೋಜನೆ ನಂಬಿ ಹೋಗಬೇಡಿ, ಅಂಬೋಲಿವರೆಗೆ ಟಿಕೆಟ್ ತೆಗೆಯಲೇಬೇಕು. ಗಡಿ ಗಲಾಟೆ ಇದ್ದ ದಿನ ಬಸ್ಸು ನಿಲ್ಲಿಸುತ್ತಾರೆ, ಹಿಂದಿನ ದಿನ ನಿಲ್ದಾಣದಲ್ಲಿ ಕೇಳಿಕೊಳ್ಳಿ. ಎಡಬದಿಯ ಸೀಟು ಬೇಡ, ಮಳೆ ಹೊಡೆಯುತ್ತದೆ.

ಹಿರಣ್ಯಕೇಶಿಗೆ ಊರಿನಿಂದ ರಿಕ್ಷಾ ಮಾಡಿಕೊಂಡು ಹೋಗಿ. ಗಾಡಿ ನಿಲ್ಲುವ ಜಾಗದಿಂದ ಸ್ವಲ್ಪ ನಡೆಯಬೇಕು, ಕಲ್ಲು ಜಾರುತ್ತದೆ. ಕೋಲು ಇರಲಿ. ನೀರು ಜಾಸ್ತಿ ಇದ್ದರೆ ಗವಿಯ ಹತ್ತಿರ ಇಳಿಸಬೇಡಿ. ಕಾವಳೆಸಾದದ ಕಣಿವೆ ಅಂಚಿಗೆ ಅವ್ವನನ್ನು ಕರೆದೊಯ್ಯಬೇಡಿ, ಆ ಗಾಳಿಗೆ ಗಟ್ಟಿ ಆಳೇ ತೂಗಾಡುತ್ತಾನೆ.

ಅನಗೋಳ ವಾಸಿ:
ಕಂಡಕ್ಟರ್ ಕಾಕಾ, ಭಾಳ ಉಪಕಾರ ಆಯಿತು. ಅವ್ವನಿಗೆ ಎಲ್ಲರದೂ ಓದಿ ಹೇಳಿದೆ. ಅಕ್ಟೋಬರ್‌ವರೆಗೆ ತಡೆಯೋಣ ಅಂದೆ, ಒಪ್ಪಲಿಲ್ಲ. ಆಗಸ್ಟಿನಲ್ಲಿ ಒಂದು ಮಂಗಳವಾರ ಬಸ್ಸಿಗೆ ಹೋಗುತ್ತೇವೆ. ಹಿಂಡಲಗಾ ಕಾಕಾ, ಚಾದರ ಹಸಿ ಇರದ ಒಂದು ರೂಮು ಹೇಳುತ್ತೀರಾ?

ಹಿಂಡಲಗಾ ಕಾಕಾ:
ರೂಮು ಯಾಕೆ ತಂಗಿ? ನನ್ನ ಮನೆ ಖಾಲಿ ಇರುತ್ತದೆ. ನೋಡಿಕೊಳ್ಳುವವನಿಗೆ ಹೇಳುತ್ತೇನೆ, ಹಿಂದಿನ ದಿನವೇ ಒಲೆ ಹಚ್ಚಿ ಕೋಣೆ ಒಣಗಿಸಿ ಇಡುತ್ತಾನೆ. ಒಂದು ರೂಪಾಯಿ ಬೇಡ. ಮಾಸ್ತರರಿಗೆ ಬೇಕಿದ್ದರೆ ಅವರೂ ಬಂದು ಸೆಪ್ಟಿಕ್ ಟ್ಯಾಂಕ್ ನೋಡಲಿ.

ಸಂಕೇಶ್ವರ ಮಾಸ್ತರ:
ಬರುತ್ತೇನೆ. ಮೂರನೇ ಕೋಣೆಯ ನೀರು ಎಲ್ಲಿಗೆ ಬಿಟ್ಟಿದ್ದೀರಿ ಅಂತ ನೋಡದೆ ನಾನು ಬಿಡುವವನಲ್ಲ.

ಖಾನಾಪುರ ಹುಡುಗ:
ಕಾಕಾ, ತಾಡಪತ್ರಿ ಯಾವುದು ಹಾಕುತ್ತೀರಿ? ನಾನು ಗೋದಾಮಿಗೆ 120 ಜಿಎಸ್‌ಎಂದು (ಚದರ ಮೀಟರಿಗೆ 120 ಗ್ರಾಂ ತೂಕದ್ದು) ತಂದೆ, ಜೂನ್ ಮುಗಿಯುವಷ್ಟರಲ್ಲಿ ಚಿಂದಿ ಆಯಿತು.

ಹಿಂಡಲಗಾ ಕಾಕಾ:
250ಕ್ಕಿಂತ ಕಡಿಮೆ ಮುಟ್ಟಬೇಡ. ಅಂಚಿಗೆ ಹಗ್ಗ ಹೊಲಿದದ್ದೇ ತೆಗೆದುಕೋ, ಬರೀ ಹಗ್ಗ ಹಾಕುವ ಕಣ್ಣು ಹೊಡೆದದ್ದು ಗಾಳಿಗೆ ಹರಿಯುತ್ತದೆ.